ಅಪ್ಪ, ಮಗ ಮತ್ತು ಗುಜರಿ ಗಾಡಿ

1964ರ ಅಕ್ಟೋಬರ್ 15, ಗುರುವಾರ. ಬ್ರಿಟನ್ನಿನಲ್ಲಿ ಸಾರ್ವತ್ರಿಕ ಚುನಾವಣೆ. 13 ವರ್ಷದಿಂದ ಅಧಿಕಾರದಲ್ಲಿದ್ದ ಕನ್ಸರ್ವೇಟಿವ್ ಪಕ್ಷವನ್ನ ಈ ಸಲ ಇಳಿಸಿಯೇ ಸಿದ್ಧ ಅಂತ ಲೇಬರ್ ಪಕ್ಷದ ನಾಯಕ ಹೆರಾಲ್ಡ್ ವಿಲ್ಸನ್ ಓಡಾಡ್ತಾ ಇದ್ದರು. ಅವರಿಗೆ ಎದುರಾಳಿಗಿಂತ ಜಾಸ್ತಿ ತಲೆನೋವು ತಂದಿದ್ದು ಬಿಬಿಸಿಯ ಆ ದಿನದ ಟಿವಿ ಪಟ್ಟಿ. ರಾತ್ರಿ 8 ಗಂಟೆಗೆ ಒಂದು ಕಾಮಿಡಿ ಸೀರಿಯಲ್ಲಿನ ಮರುಪ್ರಸಾರ ಇತ್ತು. ಮತದಾನ ಮುಗಿಯೋದು 9 ಗಂಟೆಗೆ. ಫ್ಯಾಕ್ಟರಿಯಿಂದ ಮನೆಗೆ ಬಂದು, ಊಟ ಮುಗಿಸಿ, ಆಮೇಲೆ ಬೂತಿಗೆ ಹೋಗೋರು ಹೆಚ್ಚಾಗಿ ಕೂಲಿಕಾರ್ಮಿಕರು, ಅಂದರೆ ಲೇಬರ್ ಮತದಾರರು. ಅವರೆಲ್ಲ ಟಿವಿ ಮುಂದೆ ಕೂತುಬಿಟ್ಟರೆ ಗತಿ ಏನು? ವಿಲ್ಸನ್ ನೇರವಾಗಿ ಬಿಬಿಸಿಯ ಮಹಾನಿರ್ದೇಶಕ ಹ್ಯೂ ಗ್ರೀನ್ ಹತ್ತಿರ ಮಾತಾಡಿದರು. ಕಾರ್ಯಕ್ರಮ 9 ಗಂಟೆಗೆ ಹೋಯಿತು. ಲೇಬರ್ ಪಕ್ಷ 317 ಸೀಟು ಗೆದ್ದು, ಬರೀ 4 ಸೀಟಿನ ಬಹುಮತದಲ್ಲಿ ಸರ್ಕಾರ ಮಾಡ್ತು.

ಸೀರಿಯಲ್ ಟೈಮ್ ಬದಲಾಗಿದ್ದರಿಂದಲೇ ಗೆದ್ದರು ಅಂತ ಯಾರೂ ಸಾಬೀತು ಮಾಡೋಕಾಗಲ್ಲ. ಆದರೆ ಪ್ರಧಾನಿ ಆಗಬೇಕಾದವರು ಒಂದು ಕಾಮಿಡಿಗೆ ಇಷ್ಟು ಹೆದರಿದ್ದರು ಅಂದರೆ ಅದರಲ್ಲಿ ಏನಿತ್ತು ಅನ್ನೋ ಕುತೂಹಲ ಹುಟ್ಟದೇ ಇರುತ್ತಾ? ಅದರಲ್ಲಿ ಇದ್ದದ್ದು ಇಷ್ಟೇ. ಒಬ್ಬ ಕೊಳಕು ಮುದುಕ, ಮದುವೆಯಾಗದ ಅವನ ನಡುವಯಸ್ಸಿನ ಮಗ, ಒಂದು ಕುದುರೆ, ಒಂದು ಗಾಡಿ, ಮನೆ ತುಂಬಾ ಗುಜರಿ. ಹೆಸರು 'ಸ್ಟೆಪ್‌ಟೋ ಅಂಡ್ ಸನ್'. ಅಂಗಡಿ ಬೋರ್ಡಿನ ಹೆಸರೇ ಸೀರಿಯಲ್ಲಿನ ಹೆಸರು.

ನಾನು ಇದನ್ನ ಮೊದಲು ನೋಡಿದ್ದು ಆನ್‌ಸೈಟ್‌ಗೆ ಅಂತ ಇಂಗ್ಲೆಂಡಿಗೆ ಹೋಗಿದ್ದಾಗ. ಸಂಜೆ 4 ಗಂಟೆಗೇ ಕತ್ತಲಾಗೋ ಡಿಸೆಂಬರ್. ವೀಕೆಂಡಿನಲ್ಲಿ ಮಾಡೋಕೆ ಕೆಲಸ ಇಲ್ಲ. ಹಳೇ ಸಾಮಾನು ಮಾರೋ ಒಂದು ಚಾರಿಟಿ ಅಂಗಡೀಲಿ ಡಿವಿಡಿ ಡಬ್ಬ ಸಿಕ್ತು. ಗುಜರಿಯವರ ಕತೆ ನನಗೆ ಗುಜರಿಯಲ್ಲೇ ಸಿಕ್ಕಿದ್ದು! ಮೊದಲ ಎಪಿಸೋಡ್ ನಗೋಣ ಅಂತಲೇ ಹಾಕಿದೆ. ಅರ್ಧ ಗಂಟೆ ಆದಮೇಲೆ ಟಿವಿ ಆರಿಸಿ ಊರಿಗೆ ಫೋನ್ ಮಾಡಿದೆ. ಅಲ್ಲಿ ರಾತ್ರಿ 11 ದಾಟಿತ್ತು. ಅಪ್ಪ ಎತ್ತಿ, "ಏನಾಯ್ತೋ? ಹುಷಾರಾಗಿದೀಯೇನೋ?" ಅಂತ ಗಾಬರಿ ಆದ. "ಏನಿಲ್ಲ, ಸುಮ್ನೆ ಮಾಡ್ದೆ" ಅಂದೆ. "ಸುಮ್ನೆ ಯಾರಾದ್ರೂ ಈ ಹೊತ್ತಲ್ಲಿ ಮಾಡ್ತಾರೇನೋ, ಮಲಗು" ಅಂತ ಬೈದು ಇಟ್ಟ. ಆ ಎಪಿಸೋಡಿನ ಬಗ್ಗೆ ಮುಂದೆ ಹೇಳ್ತೀನಿ. ಅದಕ್ಕೆ ಮೊದಲು ಇವರ ಕಸುಬಿನ ಕತೆ ಗೊತ್ತಿರಬೇಕು.

ಇಂಗ್ಲೆಂಡಿನಲ್ಲಿ ಇವರಿಗೆ 'ರ‍್ಯಾಗ್ ಅಂಡ್ ಬೋನ್ ಮೆನ್' ಅಂತಾರೆ. ಚಿಂದಿ ಮತ್ತು ಮೂಳೆಯವರು. ಚಿಂದಿ ಸರಿ, ಮೂಳೆ ಯಾಕೆ? ಹತ್ತೊಂಬತ್ತನೇ ಶತಮಾನದಲ್ಲಿ ಎರಡಕ್ಕೂ ದುಡ್ಡಿತ್ತು. ಮೂಳೆಯಿಂದ ಚಾಕುವಿನ ಹಿಡಿ, ಗುಂಡಿ, ಅಂಟು ಮಾಡೋರು, ಪುಡಿ ಮಾಡಿ ಗೊಬ್ಬರ ಮಾಡೋರು. ಚಿಂದಿಯಿಂದ ಕಾಗದ ಆಗ್ತಿತ್ತು, ಯಾಕಂದರೆ ಮರದ ತಿರುಳಿನಿಂದ ಕಾಗದ ಮಾಡೋ ವಿದ್ಯೆ ಚಾಲ್ತಿಗೆ ಬರೋ ತನಕ ಒಳ್ಳೇ ಕಾಗದಕ್ಕೆ ಹಳೇ ಹತ್ತಿ ಬಟ್ಟೆ, ನಾರುಬಟ್ಟೆಯೇ ಕಚ್ಚಾಮಾಲು. ಉಣ್ಣೆ ಚಿಂದಿಯಾದರೆ ಯಾರ್ಕ್‌ಷೈರಿಗೆ ಹೋಗೋದು. ಅಲ್ಲಿ ಬ್ಯಾಟ್ಲಿ ಅನ್ನೋ ಊರಲ್ಲಿ 1813ರ ಸುಮಾರಿಗೆ ಬೆಂಜಮಿನ್ ಲಾ ಅನ್ನೋನು ಹಳೇ ಉಣ್ಣೆಯನ್ನ ಕಿತ್ತು, ಎಳೆ ಮಾಡಿ, ಮತ್ತೆ ನೇಯೋ ದಾರಿ ಕಂಡುಹಿಡಿದ. ಆ ಬಟ್ಟೆಗೆ 'ಶಾಡಿ' ಅಂತ ಹೆಸರು. ಇವತ್ತು ನಾವು ಯಾರದೋ ಕೋಡ್ ನೋಡಿ 'ಶಾಡಿ ವರ್ಕ್' ಅಂತ ರಿವ್ಯೂನಲ್ಲಿ ಬರೀತೀವಲ್ಲ, ಅದೇ ಪದ.

ಹೆನ್ರಿ ಮೇಹ್ಯೂ ಅನ್ನೋ ಪತ್ರಕರ್ತ ಲಂಡನ್ನಿನ ಬಡವರನ್ನ ಬೀದಿ ಬೀದಿಯಲ್ಲಿ ಮಾತಾಡಿಸಿ, 1851ರಲ್ಲಿ ಪುಸ್ತಕ ಮಾಡಿದ. ಅದರಲ್ಲಿ ಈ ಮೂಳೆ ಆಯೋರು, ಚಿಂದಿ ಆಯೋರು ಬರ್ತಾರೆ. ಬೆನ್ನ ಮೇಲೆ ಚೀಲ, ಕೈಯಲ್ಲಿ ಕೆದಕೋ ಕೋಲು, ಬೆಳಗಾಗೋ ಮುಂಚೆಯೇ ಬೀದಿಗೆ. ಆಮೇಲೆ ಸ್ವಲ್ಪ ಕಾಸು ಕಂಡವರು ಕೈಗಾಡಿ ಮಾಡಿಕೊಂಡರು, ಇನ್ನೂ ಸ್ವಲ್ಪ ಕಂಡವರು ಕುದುರೆಗಾಡಿ ಮಾಡಿಕೊಂಡರು. ಕುದುರೆ ಇದ್ದೋನು ಈ ಕಸುಬಿನಲ್ಲಿ ದೊಡ್ಡ ಮನುಷ್ಯ. ಈ ಮಾತು ನೆನಪಿಟ್ಟುಕೊಳ್ಳಿ.

ನಮ್ಮೂರಿಗೆ ಬರ್ತಿದ್ದ ಹಳೇ ಕಬ್ಬಿಣದವನು ಸೈಕಲ್ ಹಿಂದೆ ಐಸ್‌ಕ್ಯಾಂಡಿ ಡಬ್ಬ ಕಟ್ಟಿಕೊಂಡು ಬರ್ತಿದ್ದ. ತುಕ್ಕು ಹಿಡಿದ ಕುಳ ಕೊಟ್ಟರೆ ಎರಡು ಕ್ಯಾಂಡಿ. ಇಂಗ್ಲೆಂಡಿನಲ್ಲೂ ಅದೇ ಲೆಕ್ಕ. ಮಕ್ಕಳಿಗೆ ಬಲೂನು, ಒಮ್ಮೊಮ್ಮೆ ಪುಟ್ಟ ಗೋಲ್ಡ್‌ಫಿಶ್. ಉತ್ತರದ ಊರುಗಳಲ್ಲಿ ಹೆಂಗಸರಿಗೆ ಹೊಸ್ತಿಲು ಉಜ್ಜೋ ಕಲ್ಲು. ಮಕ್ಕಳು ಬಲೂನಿನ ಆಸೆಗೆ ಮನೇಲಿರೋ ಒಳ್ಳೇ ಕೋಟನ್ನೇ ತಂದುಕೊಡೋಕೆ ಶುರು ಮಾಡಿದರೆ? 1936ರ ಸಾರ್ವಜನಿಕ ಆರೋಗ್ಯ ಕಾಯ್ದೆಯಲ್ಲಿ, ಚಿಂದಿ ವ್ಯಾಪಾರಿಗಳು 14 ವರ್ಷಕ್ಕಿಂತ ಚಿಕ್ಕವರಿಗೆ ಏನನ್ನೂ ಕೊಡಬಾರದು ಅಂತ ಒಂದು ಕಲಮೇ ಇತ್ತು. ನಮ್ಮಮ್ಮನಿಗೆ ಇದು ಗೊತ್ತಿದ್ದರೆ ಖುಷಿಪಡ್ತಿದ್ದಳು. ಅವಳ ಹಿತ್ತಾಳೆ ಚೊಂಬೊಂದು ನನ್ನ ಕೈಯಿಂದ ಹಾಗೇ ಹೋಗಿದೆ.

1960ರ ಹೊತ್ತಿಗೆ ಈ ಕಸುಬು ಸಾಯ್ತಾ ಇತ್ತು. ಆದರೆ ಪೂರ್ತಿ ಸತ್ತಿರಲಿಲ್ಲ. ಪಶ್ಚಿಮ ಲಂಡನ್ನಿನ ಶೆಫರ್ಡ್ಸ್ ಬುಷ್, ನಾಟಿಂಗ್ ಡೇಲ್ ಕಡೆಗಳಲ್ಲಿ ಕುದುರೆ ಲಾಯ ಇಟ್ಟುಕೊಂಡ ಗುಜರಿಯವರು ಇನ್ನೂ ಇದ್ದರು. ಅದೇ ಶೆಫರ್ಡ್ಸ್ ಬುಷ್‌ನಲ್ಲಿ 1960ರಲ್ಲಿ ಬಿಬಿಸಿಯ ಹೊಚ್ಚಹೊಸ ಟೆಲಿವಿಷನ್ ಸೆಂಟರ್ ಶುರುವಾಯಿತು. ಅಲ್ಲೇ ಒಂದು ತರಕಾರಿ ಅಂಗಡಿ ಮೇಲೆ ಮಹಡಿಯಲ್ಲಿ ಕೆಲವು ಕಾಮಿಡಿ ಬರಹಗಾರರು ಸೇರಿ ಆಫೀಸು ಮಾಡಿಕೊಂಡಿದ್ದರು. ಅವರಲ್ಲಿ ಇಬ್ಬರು ರೇ ಗಾಲ್ಟನ್ ಮತ್ತು ಆಲನ್ ಸಿಂಪ್ಸನ್.

ಈ ಇಬ್ಬರ ಸ್ನೇಹ ಶುರುವಾಗಿದ್ದು ಕ್ಷಯ ರೋಗದ ಆಸ್ಪತ್ರೆಯಲ್ಲಿ. 1940ರ ದಶಕದ ಕೊನೆ. ಹದಿಹರೆಯದ ಹುಡುಗರು, ಇಬ್ಬರಿಗೂ ಟಿಬಿ, ಸರ‍್ರೆಯ ಮಿಲ್‌ಫರ್ಡ್ ಸ್ಯಾನಿಟೋರಿಯಂನಲ್ಲಿ ಭರ್ತಿ. ಹಾಸಿಗೆ ಬಿಟ್ಟು ಏಳೋ ಹಾಗಿಲ್ಲ. ರೇಡಿಯೋ ಕೇಳೋದು, ಹರಟೋದು, ಆಸ್ಪತ್ರೆಯ ಒಳಗಿನ ರೇಡಿಯೋಗೇ ತಮಾಷೆ ಬರೆಯೋದು. ಹೊರಗೆ ಬಂದಮೇಲೆ ಟೋನಿ ಹ್ಯಾನ್‌ಕಾಕ್ ಅನ್ನೋ ನಟನಿಗೆ 1954ರಿಂದ ರೇಡಿಯೋದಲ್ಲಿ, 1956ರಿಂದ ಟಿವಿಯಲ್ಲಿ ಬರೆದು ದೇಶಕ್ಕೆಲ್ಲ ಗೊತ್ತಾದರು. 1961ರಲ್ಲಿ ಹ್ಯಾನ್‌ಕಾಕ್ ಇವರ ಜೊತೆ ಸಾಕು ಅಂದ. ಸ್ಟಾರ್ ಕೈಬಿಟ್ಟ ಬರಹಗಾರರನ್ನ ಯಾರು ಕೇಳ್ತಾರೆ? ಬಿಬಿಸಿಯ ಟಾಮ್ ಸ್ಲೋನ್ ಕೇಳಿದ. 10 ಅರ್ಧರ್ಧ ಗಂಟೆ ಕೊಡ್ತೀನಿ, ಏನು ಬೇಕಾದರೂ ಬರೀರಿ, ಯಾರನ್ನ ಬೇಕಾದರೂ ಹಾಕಿಕೊಳ್ಳಿ. 'ಕಾಮಿಡಿ ಪ್ಲೇಹೌಸ್' ಅಂತ ಹೆಸರು. ಯಾವ ಮ್ಯಾನೇಜರ್ ಹೀಗೆ ಹೇಳ್ತಾನೆ ಈ ಕಾಲದಲ್ಲಿ!

ಮೂರು ಕತೆ ಬರೆದು ಮುಗಿಸಿದ ಮೇಲೆ ತಲೆ ಖಾಲಿ. ಇಬ್ಬರು ಗುಜರಿಯವರು ಇರಲಿ ಅಂದುಕೊಂಡು ಗಾಡಿಯಿಂದ ಸಾಮಾನು ಇಳಿಸ್ತಾ ಜಗಳಾಡೋ ಹಾಗೆ ಬರೆಯೋಕೆ ಶುರು ಮಾಡಿದರು. ಸುಮಾರು ಪುಟ ಆದಮೇಲೆ, ಇವರಿಬ್ಬರೂ ಯಾರು, ಯಾಕೆ ಒಟ್ಟಿಗಿದ್ದಾರೆ ಅನ್ನೋ ಪ್ರಶ್ನೆ ಬಂತು. ಅಪ್ಪ ಮಗ ಅಂದುಕೊಂಡ ಕೂಡಲೇ ಅಷ್ಟು ಹೊತ್ತಿನ ಜಗಳಕ್ಕೆ ಬೇರೆ ಅರ್ಥ ಬಂತು. ಪಾರ್ಟ್‌ನರ್ ಆಗಿದ್ದರೆ ಬಿಟ್ಟು ಹೋಗಬಹುದಲ್ಲ. ಅಪ್ಪನ್ನ ಬಿಟ್ಟು ಹೋಗೋದು ಹೇಗೆ?

ಹಾಗೆ ಹುಟ್ಟಿದ್ದು 'ದಿ ಆಫರ್'. ಪ್ರಸಾರ ಆಗಿದ್ದು 1962ರ ಜನವರಿ 5. ನಮ್ಮ ಭಾಷೇಲಿ ಹೇಳೋದಾದರೆ ಮಗನ ಕೈಲಿ ಆಫರ್ ಇದೆ, ಅಪ್ಪನ ಹತ್ತಿರ ಪೇಪರ್ ಹಾಕಬೇಕು. ಮಗ ಹೆರಾಲ್ಡ್‌ಗೆ ಇನ್ನೇನು ನಲವತ್ತು ಹತ್ತಿರ. ಬೇರೆ ಕಡೆ ಅವಕಾಶ ಬಂದಿದೆ, ಹೋಗ್ತೀನಿ ಅಂತಾನೆ. ಅಪ್ಪ ಆಲ್ಬರ್ಟ್ ಹಂಗಿಸ್ತಾನೆ, ಎದೆನೋವು ಅಂತಾನೆ, ಸುಮ್ಮನಾಗ್ತಾನೆ, ಮತ್ತೆ ಕೆಣಕ್ತಾನೆ. ಹೆರಾಲ್ಡ್ ತನ್ನ ಪಾಲಿನ ಸಾಮಾನನ್ನೆಲ್ಲ ಗಾಡಿಗೆ ತುಂಬ್ತಾನೆ. ಕುದುರೆ ಮಾತ್ರ ಕೊಡಲ್ಲ ಅಂತಾನೆ ಮುದುಕ. ಬೇಡ ಬಿಡು, ನಾನೇ ಎಳ್ಕೊಂಡು ಹೋಗ್ತೀನಿ ಅಂತ ಹೆರಾಲ್ಡ್ ನೊಗಕ್ಕೆ ಕೈ ಹಾಕ್ತಾನೆ. ಎಳೀತಾನೆ. ಗಾಡಿ ಅಲ್ಲಾಡಲ್ಲ. ಮತ್ತೆ ಎಳೀತಾನೆ. ಸ್ಟುಡಿಯೋದಲ್ಲಿ ಕೂತಿದ್ದ ಪ್ರೇಕ್ಷಕರು ಅಲ್ಲೀತನಕ ನಗ್ತಾ ಇದ್ದೋರು. ಹೆರಾಲ್ಡ್ ಗಾಡಿಗೆ ಒರಗಿ ಅಳೋಕೆ ಶುರು ಮಾಡ್ತಾನೆ. ಮುದುಕ ಮೆಲ್ಲಗೆ ಬಂದು, ಇನ್ನೊಂದು ದಿನ ಹೋದರಾಯ್ತು, ಟೀ ಮಾಡ್ತೀನಿ ಬಾ ಅಂತ ಒಳಗೆ ಕರ್ಕೊಂಡು ಹೋಗ್ತಾನೆ.

ಕಾಮಿಡಿ ಕಾರ್ಯಕ್ರಮ ಅಲ್ಲಿಗೆ ಮುಗೀತು. ಇದನ್ನ ಆ ಹಿಂದೆ ಯಾರೂ ಟಿವಿಯಲ್ಲಿ ಹೀಗೆ ಮಾಡಿರಲಿಲ್ಲ ಅಂತ ಬರೆಯೋದು ಸುಲಭ. ನನಗೆ ಅದಕ್ಕಿಂತ ಮುಖ್ಯ ಅನ್ನಿಸೋದು ಒಂದು ತಾಂತ್ರಿಕ ವಿಷಯ. ಬರಹಗಾರರು ಈ ಪಾತ್ರಗಳಿಗೆ ಹಾಸ್ಯನಟರನ್ನ ತಗೊಳ್ಳಲಿಲ್ಲ, ನಾಟಕದ ನಟರನ್ನ ತಗೊಂಡರು. ಹಾಸ್ಯನಟನಾಗಿದ್ದರೆ ಅಳೋ ಹಾಗೆ ನಟಿಸಿ, ಪ್ರೇಕ್ಷಕರ ಕಡೆ ಒಂದು ಕಣ್ಣು ಇಟ್ಟಿರ್ತಿದ್ದ. ಹೆರಾಲ್ಡ್ ಪಾತ್ರದ ಹ್ಯಾರಿ ಎಚ್. ಕಾರ್ಬೆಟ್ ನಿಜವಾಗಿ ಅತ್ತುಬಿಟ್ಟ.

ಈ ದೃಶ್ಯವನ್ನ ಒಮ್ಮೆ ಊರಿಗೆ ಹೋದಾಗ ಅಪ್ಪನಿಗೆ ಮೊಬೈಲಿನಲ್ಲಿ ತೋರಿಸಿದೆ. ಅಪ್ಪ ತಿಪಟೂರಿನ ಕಡೆ ಒಂದು ಹಳ್ಳಿಯಲ್ಲಿ ಹಿಟ್ಟಿನ ಮಿಲ್ ನಡೆಸ್ತಾನೆ. ತಾತ ಹಾಕಿದ್ದು. ಇಂಗ್ಲಿಷ್ ಬರಲ್ಲ. ಕತೆ ಹೇಳಿದೆ, ದೃಶ್ಯ ಹಾಕಿದೆ. ನನ್ನ ಲೆಕ್ಕದಲ್ಲಿ ಇದು ನಮ್ಮಿಬ್ಬರ ಕತೆಯ ಉಲ್ಟಾ ಆವೃತ್ತಿ. ಆ ಮುದುಕ ಕುದುರೆ ಕೊಡಲಿಲ್ಲ. ನಮ್ಮಪ್ಪ ಮಿಲ್ ಪಕ್ಕದ ಎರಡು ಅಂಕಣ ಜಾಗ ಮಾರಿ ನನ್ನ ಬಿಇ ಫೀಸು ಕಟ್ಟಿದ. ಅದನ್ನ ಹೇಳದೇ ಹೇಳೋಣ ಅಂತ ತೋರಿಸಿದ್ದು. ಅಪ್ಪ ಕನ್ನಡಕ ಏರಿಸಿಕೊಂಡು ಪೂರ್ತಿ ನೋಡಿ ಕೇಳಿದ್ದು ಒಂದೇ ಮಾತು.

"ಗಾಡಿ ತುಂಬಾ ಏನ್ ಹೇರವ್ನೆ?"

"ಅವನ ಸಾಮಾನು. ಪುಸ್ತಕ, ಅದೂ ಇದೂ."

"ಹೋಗೋನಾಗಿದ್ರೆ ಒಂದು ಬ್ಯಾಗ್ ಹೆಗಲಿಗೆ ಹಾಕ್ಕಂಡು ಹೋಗಿರೋನು. ಗಾಡಿ ಯಾಕ್ ಬೇಕಿತ್ತು?"

ಇಷ್ಟು ವರ್ಷದಲ್ಲಿ ಈ ಸೀರಿಯಲ್ ಬಗ್ಗೆ ನಾನು ಓದಿರೋದರಲ್ಲಿ ಎಲ್ಲರೂ ಬರೆದಿರೋದು ಕುದುರೆ ಕೊಡದ ಅಪ್ಪನ ಬಗ್ಗೆ. ಗಾಡಿಯ ಭಾರದ ಬಗ್ಗೆ ನನಗೂ ಹೊಳೆದಿರಲಿಲ್ಲ. ಆಮೇಲೆ ಉಳಿದ ಎಪಿಸೋಡುಗಳನ್ನ ಮತ್ತೆ ನೋಡಿದೆ. ಅಪ್ಪ ಹೇಳಿದ್ದು ಹೆಜ್ಜೆ ಹೆಜ್ಜೆಗೂ ಕಾಣ್ತದೆ.

ಸ್ಲೋನ್‌ಗೆ 'ದಿ ಆಫರ್' ನೋಡಿದ ಕೂಡಲೇ ಇದನ್ನ ಸೀರಿಯಲ್ ಮಾಡಬೇಕು ಅನ್ನಿಸ್ತು. ಬರಹಗಾರರು ಒಪ್ಪಲಿಲ್ಲ. ಹ್ಯಾನ್‌ಕಾಕ್‌ನಿಂದ ಈಗ ತಾನೇ ಬಿಡುಗಡೆ ಆಗಿದೆ, ಮತ್ತೆ ಇನ್ನೊಂದಕ್ಕೆ ಕೊರಳು ಕೊಡೋದು ಬೇಡ ಅಂತ. ಕೊನೆಗೆ, ಆ ಇಬ್ಬರು ನಟರು ಒಪ್ಪಿದರೆ ಬರೀತೀವಿ ಅಂದರು. ದೊಡ್ಡ ನಾಟಕದವರು ಒಪ್ಪಲ್ಲ ಅನ್ನೋ ಧೈರ್ಯ. ಅವರು ಒಪ್ಪಿಬಿಟ್ಟರು. 1962ರ ಜೂನ್‌ನಿಂದ ಮೊದಲ ಸರಣಿ. 1965ರವರೆಗೆ ಕಪ್ಪು ಬಿಳುಪಿನಲ್ಲಿ, 5 ವರ್ಷ ಬಿಟ್ಟು 1970ರಿಂದ 1974ರವರೆಗೆ ಬಣ್ಣದಲ್ಲಿ, ಒಟ್ಟು 57 ಎಪಿಸೋಡು. ಒಳ್ಳೇ ದಿನಗಳಲ್ಲಿ 2 ಕೋಟಿಗೂ ಹೆಚ್ಚು ಜನ ನೋಡ್ತಿದ್ದರು. ಶೀರ್ಷಿಕೆ ಸಂಗೀತ ರಾನ್ ಗ್ರೇನರ್‌ದು. ಮುಂದೆ 'ಡಾಕ್ಟರ್ ಹೂ'ಗೆ ಸಂಗೀತ ಬರೆದವನು. ಇಲ್ಲಿ ಅವನ ಟ್ಯೂನು ಹಳೇ ಕುದುರೆ ಕುಂಟುತ್ತಾ ನಡೆಯೋ ಲಯದಲ್ಲಿದೆ.

ಹೆರಾಲ್ಡ್ ಯಾರು ಅಂತ ಇನ್ನೂ ಸ್ವಲ್ಪ ಹೇಳಬೇಕು. ಯುದ್ಧ ಮುಗಿದ ಮೇಲಿನ ಬ್ರಿಟನ್ ಬಡವರ ಮಕ್ಕಳಿಗೆ ಒಂದು ಮಾತು ಕೊಟ್ಟಿತ್ತು. 1944ರ ಶಿಕ್ಷಣ ಕಾಯ್ದೆ ಬಂತು, ಹೈಸ್ಕೂಲು ಪುಕ್ಕಟೆ ಆಯಿತು, ಬುದ್ಧಿವಂತ ಹುಡುಗ ಯಾರ ಮಗನಾದರೂ ಮೇಲೆ ಬರಬಹುದು ಅಂತ. ಹೆರಾಲ್ಡ್ ಅದಕ್ಕೆ ಸ್ವಲ್ಪ ಮುಂಚೆ ಹುಟ್ಟಿಬಿಟ್ಟವನು. ಬಾಗಿಲು ತೆರೆದಾಗ ಅವನು ಗಾಡಿ ಹೊಡೀತಿದ್ದ. ಹಾಗಾಗಿ ಓದಿಲ್ಲ, ಆದರೆ ಓದಿದವರ ಹಾಗೆ ಇರಬೇಕು. ಗುಜರಿಯಲ್ಲಿ ಸಿಕ್ಕ ಪುಸ್ತಕ ಓದ್ತಾನೆ, ಶಾಸ್ತ್ರೀಯ ಸಂಗೀತ ಕೇಳ್ತಾನೆ, ವೈನಿನ ಹೆಸರುಗಳನ್ನ ಬಾಯಲ್ಲಿ ಹೊರಳಿಸ್ತಾನೆ. ಲೇಬರ್ ಪಕ್ಷದವನು. ಅಪ್ಪ ಮೊದಲ ಮಹಾಯುದ್ಧಕ್ಕೆ ಹೋಗಿ ಬಂದವನು, ರಾಜಭಕ್ತ, ಕನ್ಸರ್ವೇಟಿವ್. ಅಪ್ಪನಿಗಿಂತ ಬಡವರು ಆ ಬೀದಿಯಲ್ಲಿಲ್ಲ, ವೋಟು ಮಾತ್ರ ಸಾಹುಕಾರರಿಗೆ. ಇಂಥ ಅಪ್ಪಂದಿರನ್ನ ನೀವೂ ನೋಡಿರ್ತೀರಿ.

ಮೊದಲ ಸರಣಿಯಲ್ಲೇ 'ದಿ ಎಕನಾಮಿಸ್ಟ್' ಅಂತ ಒಂದು ಎಪಿಸೋಡಿದೆ. ಹೆರಾಲ್ಡ್ ಅರ್ಥಶಾಸ್ತ್ರದ ಪುಸ್ತಕ ಓದಿ, ಚಿಲ್ಲರೆ ವ್ಯಾಪಾರ ಮಾಡಿದ್ದಕ್ಕೇ ನಾವು ಉದ್ಧಾರ ಆಗಿಲ್ಲ, ಸಗಟಿನಲ್ಲಿ ಕೊಳ್ಳಬೇಕು ಅಂತ ತೀರ್ಮಾನಕ್ಕೆ ಬರ್ತಾನೆ. ಕೊಳ್ಳೋದು ಏನು? ಕಟ್ಟಿಸಿಕೊಳ್ಳೋ ಹಲ್ಲಿನ ಸೆಟ್ಟುಗಳು, ರಾಶಿಗಟ್ಟಲೆ. ಕೋರಮಂಗಲದ ಕಾಫಿ ಅಂಗಡಿಗಳಲ್ಲಿ ಸ್ಕೇಲ್ ಮಾಡೋ ಮಾತು ಕಿವಿಗೆ ಬಿದ್ದಾಗೆಲ್ಲ ನನಗೆ ಆ ಹಲ್ಲಿನ ರಾಶಿ ನೆನಪಾಗುತ್ತೆ. 1963ರ 'ದಿ ಬಾತ್'ನಲ್ಲಿ ಹೆರಾಲ್ಡ್ ಹುಡುಗಿಯನ್ನ ಮನೆಗೆ ಕರ್ಕೊಂಡು ಬರೋ ಹೊತ್ತಿಗೆ ಅಪ್ಪ ನಡುಮನೆಯಲ್ಲಿ ತಗಡಿನ ತೊಟ್ಟಿ ಇಟ್ಟುಕೊಂಡು ಸ್ನಾನ ಮಾಡ್ತಾ, ಉಪ್ಪಿನಕಾಯಿ ಹಾಕಿದ ಈರುಳ್ಳಿ ತಿಂತಾ ಕೂತಿರ್ತಾನೆ. ನೀರಿಗೆ ಬಿದ್ದ ಈರುಳ್ಳಿಯನ್ನ ಎತ್ತಿ ಮತ್ತೆ ಜಾಡಿಗೆ ಹಾಕ್ತಾನೆ. ಜನ ಇವತ್ತಿಗೂ ನೆನಪಿಟ್ಟುಕೊಂಡಿರೋದು ಅದನ್ನೇ.

ಬಣ್ಣದ ಕಾಲದ ಎರಡು ಎಪಿಸೋಡು ನನಗೆ ಇವಕ್ಕಿಂತ ಮೇಲು. ಎರಡೂ 1972ರವು. 'ಡಿವೈಡೆಡ್ ವಿ ಸ್ಟ್ಯಾಂಡ್'ನಲ್ಲಿ ಅಪ್ಪನ ಜೊತೆ ಇರೋಕಾಗಲ್ಲ ಅಂತ ಹೆರಾಲ್ಡ್ ಮನೆ ಮಧ್ಯೆ ಹಲಗೆ ಗೋಡೆ ಎಬ್ಬಿಸ್ತಾನೆ. ಹಾಯೋಕೆ ತಿರುಗೋ ಗೇಟು. ನಮ್ಮ ಹಳ್ಳಿಗಳಲ್ಲಿ ಅಣ್ಣತಮ್ಮಂದಿರು ಪಾಲಾದಾಗ ತೊಟ್ಟಿಮನೆ ನಡುವೆ ಇಟ್ಟಿಗೆ ಗೋಡೆ ಬಂದಿರೋದು ನೋಡಿದ್ದವರಿಗೆ ಇದು ನಗೋ ವಿಷಯ ಅಲ್ಲ. ಆದರೂ ನಗು ಬರುತ್ತೆ, ಯಾಕಂದರೆ ಟಿವಿ ಒಂದೇ. ಅದು ಯಾರ ಪಾಲಿಗೆ? ಕಡೆಗೆ ಮನೆಗೆ ಬೆಂಕಿ ಬಿದ್ದು, ಇಬ್ಬರೂ ಆಸ್ಪತ್ರೆಯಲ್ಲಿ ಅಕ್ಕಪಕ್ಕದ ಹಾಸಿಗೆಯಲ್ಲಿ ಮಲಗಿರ್ತಾರೆ.

ಇನ್ನೊಂದು 'ದಿ ಡೆಸ್ಪರೇಟ್ ಅವರ್ಸ್'. ಪಕ್ಕದ ವರ್ಮ್‌ವುಡ್ ಸ್ಕ್ರಬ್ಸ್ ಜೈಲಿನಿಂದ ಇಬ್ಬರು ಕೈದಿಗಳು ತಪ್ಪಿಸಿಕೊಂಡು ಸ್ಟೆಪ್‌ಟೋ ಮನೆಗೆ ನುಗ್ತಾರೆ. ಒಬ್ಬ ನಡುವಯಸ್ಸಿನವನು, ಒಬ್ಬ ಮುದುಕ. ಇಲ್ಲಿ ನೋಡಿದರೆ ತಿನ್ನೋಕೆ ಇಲ್ಲ, ಬೆಚ್ಚಗಿಲ್ಲ, ದೋಚೋಕೆ ಚಿಲ್ಲರೆ ಕಾಸೂ ಇಲ್ಲ. ಇವರಿಗಿಂತ ಜೈಲೇ ವಾಸಿ. ಆ ಕೈದಿಗೂ ಮುದುಕನೇ ಭಾರ, ಅವನನ್ನ ಬಿಟ್ಟರೆ ತಾನು ಪಾರಾಗಬಹುದು. ಹೆರಾಲ್ಡ್ ಮತ್ತು ಆ ಕೈದಿ ಒಬ್ಬರನ್ನೊಬ್ಬರು ಗುರುತು ಹಿಡಿಯೋದನ್ನ ಬರಹಗಾರರು ಬಾಯಿಬಿಟ್ಟು ಹೇಳಿಸಲ್ಲ, ಮುಖದಲ್ಲೇ ಬಿಡ್ತಾರೆ. ಕೈದಿಯಾಗಿ ಲೆನರ್ಡ್ ರಾಸಿಟರ್. ಹುಡುಕಿ ನೋಡಿ.

ಇದೇ 1972ರಲ್ಲಿ ಕತೆ ಅಮೆರಿಕಕ್ಕೂ ಹೋಯಿತು. 1965ರಲ್ಲಿ ಒಮ್ಮೆ ಪ್ರಯತ್ನ ಮಾಡಿ ಕೈಸುಟ್ಟುಕೊಂಡಿದ್ದರು. ಈ ಸಲ ನಾರ್ಮನ್ ಲಿಯರ್ ಮತ್ತು ಬಡ್ ಯಾರ್ಕಿನ್ ಸೇರಿ ಲಾಸ್ ಏಂಜಲಿಸ್‌ನ ವಾಟ್ಸ್‌ನಲ್ಲಿ, ಕರಿಯರ ಕುಟುಂಬವಾಗಿ ಅದನ್ನ ಕೂರಿಸಿದರು. 1965ರ ಆಗಸ್ಟಿನ ಗಲಭೆಯಲ್ಲಿ 34 ಜನ ಸತ್ತು, ಇಡೀ ದೇಶ ಹೆದರಿಕೆಯಿಂದ ನೋಡ್ತಿದ್ದ ಬಡಾವಣೆ ಅದು. 'ಸ್ಯಾನ್‌ಫರ್ಡ್ ಅಂಡ್ ಸನ್' ಅಂತ ಹೆಸರು. ಸ್ಯಾನ್‌ಫರ್ಡ್ ಅನ್ನೋದು ಅಪ್ಪನ ಪಾತ್ರ ಮಾಡಿದ ರೆಡ್ ಫಾಕ್ಸ್‌ನ ನಿಜವಾದ ಮನೆತನದ ಹೆಸರು. ಅಪ್ಪ ಮಾತೆತ್ತಿದರೆ ಎದೆ ಹಿಡ್ಕೊಂಡು, ಸತ್ತ ಹೆಂಡತಿಗೆ 'ಬಂದೆ ತಡಿ' ಅಂತ ಆಕಾಶ ನೋಡೋದು ಅಲ್ಲಿ ದೊಡ್ಡ ಹಿಟ್. 1977ರವರೆಗೆ ಓಡಿತು. ಚೆನ್ನಾಗಿದೆ, ಜೋರಾಗಿದೆ, ಬೆಚ್ಚಗಿದೆ. ಆ ಅಪ್ಪ ಮಗ ಜಗಳ ಆಡಿದರೂ ಸಂಜೆಗೆ ಸರಿಹೋಗ್ತಾರೆ ಅನ್ನೋ ನಂಬಿಕೆ ನೋಡುವವರಿಗಿರುತ್ತೆ. ಶೆಫರ್ಡ್ಸ್ ಬುಷ್‌ನಲ್ಲಿ ಆ ನಂಬಿಕೆ ಇಲ್ಲ. ಸ್ವೀಡನ್ನು, ಹಾಲೆಂಡ್‌ಗಳಲ್ಲೂ ಅವರವರ ಭಾಷೆಯ ಆವೃತ್ತಿಗಳಾದವು. ಎಲ್ಲಾ ಕಡೆ ಗುಜರಿ ಇದೆ, ಎಲ್ಲಾ ಕಡೆ ಅಪ್ಪ ಇದ್ದಾನೆ.

ಒಂದು ತಮಾಷೆ ನೋಡಿ. ಅರವತ್ತು ದಾಟಿದ ಮುದುಕನಾಗಿ ಶುರು ಮಾಡಿದಾಗ ರೆಡ್ ಫಾಕ್ಸ್‌ಗೆ 49. 'ದಿ ಆಫರ್' ಪ್ರಸಾರ ಆದಾಗ ಆಲ್ಬರ್ಟ್ ಪಾತ್ರದ ವಿಲ್ಫ್ರಿಡ್ ಬ್ರಾಂಬೆಲ್‌ಗೂ 49. ಮಗನಾಗಿ ಮಾಡಿದ ಕಾರ್ಬೆಟ್‌ಗೆ 36. ಅಪ್ಪ ಮಗನ ನಡುವೆ 13 ವರ್ಷ! ಬ್ರಾಂಬೆಲ್ ಡಬ್ಲಿನ್‌ನಲ್ಲಿ ಹುಟ್ಟಿದವನು, ನಿಜಜೀವನದಲ್ಲಿ ಶಿಸ್ತಾಗಿ ಬಟ್ಟೆ ಹಾಕೋನು. 1964ರಲ್ಲಿ ಬೀಟಲ್ಸ್ ಸಿನಿಮಾದಲ್ಲಿ ಪಾಲ್ ಮೆಕಾರ್ಟ್ನಿಯ ತಾತನಾಗಿ ಬರ್ತಾನೆ. ಅಲ್ಲಿ ಎಲ್ಲರೂ ಅವನನ್ನ ನೋಡಿ ಎಷ್ಟು ಕ್ಲೀನಾಗಿದ್ದಾನೆ ಅಂತಾರೆ. ಹೆರಾಲ್ಡ್ ತನ್ನ ಅಪ್ಪನನ್ನ 'ಕೊಳಕು ಮುದುಕ' ಅಂತ ಬೈತಿದ್ದದ್ದು ಇಡೀ ದೇಶಕ್ಕೆ ಬಾಯಿಪಾಠ ಆಗಿದ್ದರಿಂದಲೇ ಅದು ಜೋಕು.

ಕಾರ್ಬೆಟ್ ಹುಟ್ಟಿದ್ದು 1925ರಲ್ಲಿ ಬರ್ಮಾದಲ್ಲಿ, ಸೈನಿಕನ ಮಗ. ಬರ್ಮಾ ಆಗ ಬ್ರಿಟಿಷ್ ಇಂಡಿಯಾದ ಒಂದು ಪ್ರಾಂತ. ಬೆಳೆದಿದ್ದು ಮ್ಯಾಂಚೆಸ್ಟರಿನಲ್ಲಿ ಚಿಕ್ಕಮ್ಮನ ಮನೇಲಿ. ಜೋನ್ ಲಿಟಲ್‌ವುಡ್‌ಳ ಥಿಯೇಟರ್ ವರ್ಕ್‌ಶಾಪಿನಲ್ಲಿ ಶೇಕ್ಸ್‌ಪಿಯರ್‌ನ ಎರಡನೇ ರಿಚರ್ಡ್ ಮಾಡಿ ಹೆಸರಾದವನು. ಮುಂದೆ ದೊಡ್ಡ ದೊಡ್ಡ ಪಾತ್ರ ಮಾಡ್ತಾನೆ ಅಂತ ಎಲ್ಲರೂ ಅಂದುಕೊಂಡಿದ್ದರು. ಹೆಸರಿನ ನಡುವಿನ 'ಎಚ್' ಕೂಡ ಅವನೇ ಸೇರಿಸಿಕೊಂಡಿದ್ದು, ಅದೇ ಹೆಸರಿನ ಬೊಂಬೆಯಾಟದವನೊಬ್ಬ ಟಿವಿಯಲ್ಲಿ ಆಗಲೇ ಪ್ರಸಿದ್ಧ ಆಗಿದ್ದರಿಂದ. ಅರ್ಧ ಗಂಟೆಯ ಒಂದು ನಾಟಕ ಅಂತ ಬಂದವನು 12 ವರ್ಷ ಹೆರಾಲ್ಡ್ ಆದ. ಆಮೇಲೆ ಬೇರೆ ಏನು ಮಾಡಿದರೂ ಜನ ಗಾಡಿ ಎಲ್ಲಿ ಅಂತ ಕೇಳೋರು. 1982ರಲ್ಲಿ, 57ನೇ ವಯಸ್ಸಿನಲ್ಲಿ ಹೃದಯಾಘಾತದಿಂದ ಹೋದ. ಬ್ರಾಂಬೆಲ್ ಹೋಗಿದ್ದು 1985ರಲ್ಲಿ. ಅಪ್ಪ ಆಗಿದ್ದವನೇ ಮಗನಿಗಿಂತ ಹೆಚ್ಚು ದಿನ ಇದ್ದ.

ಇಬ್ಬರೂ ಒಬ್ಬರನ್ನೊಬ್ಬರು ದ್ವೇಷಿಸ್ತಿದ್ದರು ಅನ್ನೋ ಕತೆ ಅಂತರ್ಜಾಲದಲ್ಲಿ ಎಲ್ಲಿ ನೋಡಿದರೂ ಸಿಗುತ್ತೆ. ಬಿಬಿಸಿಯೇ 2008ರಲ್ಲಿ ಇದರ ಮೇಲೆ 'ದಿ ಕರ್ಸ್ ಆಫ್ ಸ್ಟೆಪ್‌ಟೋ' ಅಂತ ನಾಟಕ ಮಾಡಿತು. ಕಾರ್ಬೆಟ್ ಕಡೆಯ ಸಂಬಂಧಿಕರು ಸತ್ಯ ತಿರುಚಿದ್ದಾರೆ ಅಂತ ದೂರು ಕೊಟ್ಟು, ಆ ದೂರು ಎತ್ತಿಹಿಡಿಯಲ್ಪಟ್ಟಿತು. ಮಗಳು ಸುಸಾನಾ ಕಾರ್ಬೆಟ್ ಆಮೇಲೆ ಅಪ್ಪನ ಜೀವನಚರಿತ್ರೆ ಬರೆದಳು. ತೆರೆಯ ಮೇಲೆ ಕಚ್ಚಾಡೋರು ತೆರೆಯ ಹಿಂದೆಯೂ ಕಚ್ಚಾಡಲೇಬೇಕು ಅಂತ ನಮಗೆ ಯಾಕೋ ಆಸೆ.

ಈ ಕಾರ್ಯಕ್ರಮ ಉಳಿದಿದ್ದೇ ಒಂದು ಗುಜರಿ ಕತೆ. ಆ ಕಾಲದಲ್ಲಿ ವಿಡಿಯೋ ಟೇಪು ದುಬಾರಿ. ಪ್ರಸಾರ ಮಾಡಿ ಮುಗಿದ ಮೇಲೆ ಬಿಬಿಸಿ ಅದನ್ನ ಅಳಿಸಿ ಇನ್ನೊಂದಕ್ಕೆ ಬಳಸೋದು. 1970ರ ಹೊತ್ತಿನ ಬಣ್ಣದ ಎಪಿಸೋಡುಗಳಲ್ಲಿ ಬಹುಪಾಲು ಹಾಗೇ ಹೋದವು. ಆದರೆ ಗಾಲ್ಟನ್ ಮತ್ತು ಸಿಂಪ್ಸನ್ ತಮ್ಮದಕ್ಕೆ ಅಂತ ಆಗ ತಾನೇ ಬಂದಿದ್ದ ಶಿಬಾಡೆನ್ ಅನ್ನೋ ರೆಕಾರ್ಡರಿನಲ್ಲಿ ಕಾಪಿ ಮಾಡಿಸಿಟ್ಟುಕೊಂಡಿದ್ದರು. ಕಪ್ಪು ಬಿಳುಪು, ಮಸುಕು ಮಸುಕು. ಪ್ರೊಡಕ್ಷನ್ ಡೇಟಾಬೇಸ್ ಹೋಗಿ ಯಾರದೋ ಲ್ಯಾಪ್‌ಟಾಪಿನ ಬ್ಯಾಕಪ್‌ನಿಂದ ಎದ್ದು ಬಂದ ಹಾಗೆ. ನಮ್ಮ ಕಸುಬಿನವರಿಗೆ ಈ ಕತೆ ಕೇಳಿದರೆ ಎದೆ ಧಸಕ್ ಅನ್ನುತ್ತೆ. ಅದರಿಂದಲೇ 57ಕ್ಕೆ 57ನ್ನೂ ಇವತ್ತು ನೋಡಬಹುದು. ಹರ್ಕ್ಯುಲಿಸ್ ಅನ್ನೋ ಕುದುರೆ ಸಾಯೋ 1970ರ ಎಪಿಸೋಡೂ ಸೇರಿ. ಅದರಲ್ಲಿ ಮುದುಕ ಕುದುರೆಗೆ ಅಳೋ ಹಾಗೆ ತನಗೆ ಅಳ್ತಾನಾ ಅಂತ ಹೆರಾಲ್ಡ್ ಲೆಕ್ಕ ಹಾಕ್ತಿದ್ದಾನೆ ಅಂತ ನನಗೆ ಅನ್ನಿಸ್ತದೆ.

ಅದೇ ವರ್ಷ ಜುಲೈನಲ್ಲಿ ಪಶ್ಚಿಮ ಲಂಡನ್ನಿನ ಮನೆಗಳ ತಲೆ ಮೇಲೆ ವೆಸ್ಟ್‌ವೇ ಅನ್ನೋ ಫ್ಲೈಓವರ್ ಶುರುವಾಯಿತು. ಗುಜರಿ ಗಾಡಿಗಳಿದ್ದ ಬೀದಿಗಳು ಅದರ ಅಕ್ಕಪಕ್ಕದವು. ಕೊನೇ ಎಪಿಸೋಡು 1974ರ ಡಿಸೆಂಬರ್ 26ರಂದು, ಕ್ರಿಸ್‌ಮಸ್ ವಿಶೇಷ. ಅಪ್ಪ ಮಗ ವಿದೇಶಕ್ಕೆ ರಜೆಗೆ ಹೊರಡ್ತಾರೆ. ಕೊನೇ ಗಳಿಗೆಯಲ್ಲಿ ಹೆರಾಲ್ಡ್‌ನ ಪಾಸ್‌ಪೋರ್ಟ್ ಅವಧಿ ಮುಗಿದಿದೆ ಅಂತ ಗೊತ್ತಾಗುತ್ತೆ. ನೀನಾದರೂ ಹೋಗು ಅಂತ ಅಪ್ಪನನ್ನ ಕಳಿಸಿಕೊಡ್ತಾನೆ, ಮುಖ ಸಪ್ಪೆ ಮಾಡಿಕೊಂಡು. ಅಪ್ಪ ಅತ್ತ ಹೋದಮೇಲೆ ಇತ್ತ ಕಾರಿನಲ್ಲಿ ಹೆಂಗಸೊಬ್ಬಳು ಕಾಯ್ತಾ ಇರ್ತಾಳೆ. ಎಲ್ಲಾ ಅವನೇ ಹೂಡಿದ್ದು. 12 ವರ್ಷದಲ್ಲಿ ಕೊನೆಗೂ ಹೆರಾಲ್ಡ್ ತಪ್ಪಿಸಿಕೊಂಡ. ಗಾಡಿ ಇಲ್ಲದೆ! ರಜೆ ಮುಗಿಯೋವರೆಗೆ ಮಾತ್ರ, ಅದು ಬೇರೆ ವಿಷಯ.

ಆ ಎಪಿಸೋಡನ್ನ ಅಪ್ಪನಿಗೆ ತೋರಿಸಿಲ್ಲ. ಎರಡು ವರ್ಷದಿಂದ ನಮ್ಮ ಜಗಳ ಬೇರೆ ನಡೀತಿದೆ. ಊರಲ್ಲಿ ಈಗ ರಾಗಿ ಬೀಸಿಸೋಕೆ ಬರೋರು ಕಡಿಮೆ, ಪ್ಯಾಕೆಟ್ ಹಿಟ್ಟು ಅಂಗಡೀಲೇ ಸಿಗುತ್ತೆ. ತ್ರೀ ಫೇಸ್ ಕರೆಂಟು ಬಂದ ಹೊತ್ತಿಗೆ ಓಡಬೇಕು. ಹಿಟ್ಟಿನ ಧೂಳಿಗೆ ಕೆಮ್ಮು ಬಿಟ್ಟಿಲ್ಲ. ಮುಚ್ಚಿ ಬೆಂಗಳೂರಿಗೆ ಬಾ ಅಂತ ನಾನು. "ಫ್ಲೋರ್ ಮಿಲ್ ಬಿಟ್ಟು ನಿನ್ನ ಹತ್ತನೇ ಫ್ಲೋರ್‌ಗೆ ಬಂದು ಕುಕ್ಕರಿಸ್ಲಾ?" ಅಂತ ಅವನು. ಹೋದ ತಿಂಗಳು ಮಿಲ್ಲಿನ ಮೋಟರ್ ಸುಟ್ಟಾಗ ರಿವೈಂಡಿಂಗ್‌ಗೆ ದುಡ್ಡು ಕಳಿಸೋದನ್ನ ಬೇಕಂತಲೇ ಒಂದು ವಾರ ತಡ ಮಾಡಿದೆ. ಹಾಗಾದರೂ ನಿಲ್ಲಿಸ್ತಾನೇನೋ ಅಂತ. ಕುದುರೆ ಕೊಡದೇ ಇದ್ದಿದ್ದು ಯಾರು ಅಂತ ಆ ವಾರ ಹೊಳೀಲಿಲ್ಲ.

ಅಪ್ಪ ಯಾರ ಹತ್ತಿರವೋ ಸಾಲ ಮಾಡಿ ಮೋಟರ್ ಸರಿ ಮಾಡಿಸಿದ್ದಾನೆ. ಮೊನ್ನೆ ಫೋನ್ ಮಾಡಿದ್ದ. ಮೋಟರ್ ಬಗ್ಗೆ ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಬೆಲ್ಟು ಸವೆದಿದೆಯಂತೆ, ತಿಪಟೂರಲ್ಲಿ ಒಳ್ಳೇದು ಸಿಕ್ತಿಲ್ಲವಂತೆ, ಹಬ್ಬಕ್ಕೆ ಬರುವಾಗ ಎಸ್.ಪಿ. ರೋಡಿಂದ ತಗೊಂಬಾ ಅಂದ. ಅಳತೆ ಬರ‍್ಕೋ ಅಂತ ಎರಡು ಸಲ ಹೇಳಿಸಿದ. ಬರ‍್ಕೊಂಡಿದೀನಿ.